ಮಧುಮತಿ ಕೇಳುತ್ತ ಹೋದ ಒಂದೇ ಪ್ರಶ್ನೆ

ಕುಣಿಮಗ್ಗ ತುಳಿಯುವ ಹೆಂಗಸಿಗೆ ಹೆರಿಗೆ ಸಲೀಸಾಗುತ್ತದೆ ಎಂಬುದು ಗಜೇಂದ್ರಗಡದ ಸಣ್ಣವ್ವನ ಗಟ್ಟಿ ನಂಬಿಕೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಹಲಗೆ ತುಳಿದರೆ ಸೊಂಟ ತಾನಾಗಿ ಸಡಿಲಾಗುತ್ತದಂತೆ. ಅವಳ ಹಿರಿಯ ಸೊಸೆ ಉಮಾ ಅದೇ ಮಗ್ಗವನ್ನು ತುಳಿದವಳು. ಆದರೂ ಅವಳ ಹೊಟ್ಟೆ ಕೊಯ್ದೇ ಮಗುವನ್ನು ತೆಗೆಯಬೇಕಾಯಿತು. ಇದರಿಂದ ನಂಬಿಕೆಯೇನೂ ಕದಲಲಿಲ್ಲ. ಉಮಾ ಸರಿಯಾಗಿ ತುಳಿದಿರಲಿಲ್ಲ ಎಂಬ ತಿದ್ದುಪಡಿ ಅದಕ್ಕೆ ಸೇರಿಕೊಂಡಿತು, ಅಷ್ಟೆ.

ಕಿರಿಯ ಸೊಸೆ ಮಧುಮತಿ ಈ ತಿದ್ದುಪಡಿಯನ್ನು ಒಪ್ಪಲಿಲ್ಲ. ಆ ಹೆರಿಗೆಯ ನಂತರ ಪಕ್ಕದ ಮಗ್ಗದಲ್ಲಿ ಕೂತು ಅವಳು ಉಮಾಳನ್ನು ಎಷ್ಟೋ ತಿಂಗಳು ನೋಡಿದ್ದಳು. ನೆಯ್ಗೆಯನ್ನು ಬಡಿಯಲು ಹಣಿಗೆಯನ್ನು ತನ್ನತ್ತ ಎಳೆದಾಗಲೆಲ್ಲ ಉಮಾ ತುಟಿ ಕಚ್ಚುತ್ತಿದ್ದಳು; ಹಬ್ಬಕ್ಕೆ ಮುಗಿಯಬೇಕಿದ್ದ ಪಟ್ಟೇದ ಅಂಚಿನ ಸೀರೆ ಹಬ್ಬ ದಾಟಿ ಇಳಿಯಿತು. ಆದರೆ ಉಮಾಳ ಕೊರಗು ಗಾಯದ್ದಲ್ಲ. ಕೊನೆಯ ಗಳಿಗೆಯವರೆಗೂ ಎಲ್ಲ ಚೆನ್ನಾಗಿದೆ ಎಂದಿದ್ದ ದವಾಖಾನೆಯವರು ಒಮ್ಮೆಲೇ ಅವಳನ್ನು ಒಳಗೆ ಒಯ್ದರು. ಏಕೆಂದು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೊಯ್ಯುವುದು ಬೇಕೇ ಇತ್ತೋ, ಬೇಡವಾಗಿತ್ತೋ ಎಂಬುದು ಅವಳಿಗೆ ಇಂದಿಗೂ ತಿಳಿಯದು.

ಹೀಗಾಗಿ ತಾನು ಬಸಿರಾದಾಗ ಮಧುಮತಿ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಳು. ಸಹಜ ಹೆರಿಗೆ ಮಾಡಿಸುತ್ತೀರಾ ಎಂದು ಕೇಳಿದರೆ ಯಾರಾದರೂ ಹೌದೆಂದೇ ಹೇಳುತ್ತಾರೆ. ಅವಳು ಕೇಳಬೇಕೆಂದದ್ದು ಬೇರೆ: ಏನನ್ನು ಕಂಡರೆ ನೀವು ಕಾಯುವುದನ್ನು ಬಿಡುತ್ತೀರಿ? ತಮ್ಮ ಮಾತು ಯಾವಾಗ ಸುಳ್ಳಾಗಬಹುದೆಂದು ಮೊದಲೇ ಹೇಳಬಲ್ಲವರನ್ನು ಮಾತ್ರ ನಂಬುವುದು ಪ್ರಯೋಗಶಾಲೆಗಳಲ್ಲಿ ಒಳ್ಳೆಯ ಪದ್ಧತಿ. ಮಧುಮತಿ ಅದಕ್ಕೆ ಬಂದದ್ದು ಓರಗಿತ್ತಿಯ ಸಂಕಟದ ದಾರಿಯಿಂದ.

ಮೊದಲ ಉತ್ತರ ಸಿಕ್ಕಿದ್ದು ತವರೂರು ರಾಜೂರಿನಲ್ಲಿ. ಚೊಚ್ಚಲ ಹೆರಿಗೆ ತವರಿನ ಹಕ್ಕು. ತಾಯಿ ಶಂಕ್ರವ್ವ ಕೋಣೆಗೆ ಸುಣ್ಣ ಬಳಿಸಿ, ಹೊರಸಿಗೆ ಹೊಸ ಹಗ್ಗ ಬಿಗಿಸಿ ಕಾಯುತ್ತಿದ್ದಳು. ಊರಿನ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಸೂಲಗಿತ್ತಿ ಗಾಳೆವ್ವನನ್ನೂ ಕರೆಸಿದ್ದಳು. ಗಾಳೆವ್ವ ಈಗ ಹೆರಿಗೆ ಮಾಡಿಸುವುದನ್ನು ಬಿಟ್ಟು ಬಾಣಂತಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದಳು. ಶಂಕ್ರವ್ವನ ಒತ್ತಾಯಕ್ಕೆ ಈ ಒಂದನ್ನು ಒಪ್ಪಿದ್ದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಕಣ್ಣುಮುಚ್ಚಿ ಹೇಳಿದಳು. ಆ ಕೈಯ ಹಿತಕ್ಕೆ ಮಧುಮತಿಗೆ ನಿದ್ದೆಯೇ ಬರುವಂತಾಯಿತು. ಆದರೂ ಕೇಳಿದಳು. "ಆಯಿ, ಏನ ಕಂಡ್ರ ದವಾಖಾನಿಗೆ ಒಯ್ರಿ ಅಂತಿ?"

"ಅಂಥಾದ್ದ ಬರಾಂಗಿಲ್ಲ ತಗೋವ್ವಾ. ನನ್ನ ಕೈಯಾಗ ಒಂದೂ ಕೆಟ್ಟಿಲ್ಲ."

ಗಾಳೆವ್ವ ಸುಳ್ಳು ಹೇಳುವವಳಲ್ಲ. ಆದರೆ ಕೈ ಮೀರಿದ ಹೆರಿಗೆಗಳು ಗಾಡಿಯಲ್ಲಿ ಊರಾಚೆ ಹೋಗಿರುತ್ತವೆ, ಮುಂದೇನಾಯಿತೆಂಬ ಸುದ್ದಿ ಸೂಲಗಿತ್ತಿಗೆ ತಲುಪುವುದಿಲ್ಲ. ಅವಳ ಕೈಯಲ್ಲಿ ಹುಟ್ಟಿದವರು ಕಣ್ಣೆದುರು ಓಡಾಡುತ್ತಿರುವಾಗ ಅವಳ ನೆನಪಿನಲ್ಲಿ ಬರಿಯ ಗೆಲುವುಗಳೇ ತುಂಬುವುದು ಸಹಜ. ಮಧುಮತಿ ಕಾಲುಮುಟ್ಟಿ ನಮಸ್ಕರಿಸಿ ಎದ್ದಳು.

ಎರಡನೆಯ ಉತ್ತರಕ್ಕಾಗಿ ಗಂಡ ಮುತ್ತು ಅವಳನ್ನು ಬಸ್ಸಿನಲ್ಲಿ ಬೇರೊಂದು ಊರಿನ ಖಾಸಗಿ ದವಾಖಾನೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಚುರುಕಿನವರು, ಮಾತಿನಲ್ಲಿ ನೇರ. ಅರಿವಳಿಕೆ ಕೊಡುವ ಡಾಕ್ಟರು ತಮ್ಮಲ್ಲಿಗೆ ವಾರದಲ್ಲಿ ಕೆಲವೇ ದಿನ ಬರುತ್ತಾರೆ, ಆದ್ದರಿಂದ ಅನುಮಾನವಿರುವ ಹೆರಿಗೆಗಳನ್ನು ಆ ದಿನಗಳೊಳಗೇ ಮುಗಿಸುವುದು ಕ್ಷೇಮ ಎಂದು ಅವರೇ ಬಿಡಿಸಿ ಹೇಳಿದರು. ಅಮಾವಾಸ್ಯೆಯಂದು ಕೂಸು ಹುಟ್ಟಬಾರದು, ಒಳ್ಳೆಯ ನಕ್ಷತ್ರಕ್ಕೇ ತೆಗೆಯಿರಿ ಎಂದು ಪಂಚಾಂಗ ಹಿಡಿದು ಬರುವವರ ಕಾಟವನ್ನೂ ನಗುತ್ತ ಹೇಳಿದರು. ಮಧುಮತಿಯ ಪ್ರಶ್ನೆಗೆ ಮಾತ್ರ, ಅದನ್ನು ನಮಗೆ ಬಿಡಿ, ನೀವು ಧೈರ್ಯವಾಗಿರಿ ಎಂದರು.

ತಿರುಗಿ ಬರುವಾಗ ಮುತ್ತು ಡಾಕ್ಟರಮ್ಮನನ್ನು ಹೊಗಳಿದ. ಮಧುಮತಿಯೂ ಹೊಗಳಿದಳು. ಆ ಡಾಕ್ಟರಮ್ಮ ಖರೆ ಹೇಳಿದರು, ಆದರೆ ಅವರ ಗಡಿಯಾರ ನನ್ನ ಹೊಟ್ಟೆಯಲ್ಲಿಲ್ಲ, ಇನ್ನೊಬ್ಬ ಡಾಕ್ಟರ ಬಸ್ಸಿನಲ್ಲಿದೆ ಎಂದಳು. ಮುತ್ತು ನಕ್ಕು, ಹಾಗಾದರೆ ನಿನಗೆ ಬೇಕಾದವರು ಇನ್ನೂ ಹುಟ್ಟಿಲ್ಲ ಎಂದ.

ಹುಟ್ಟಿದ್ದರು, ತಪಾಸಣೆಗೆ ತಿಂಗಳು ತಿಂಗಳು ಅವಳು ಹೋಗುತ್ತಿದ್ದ ಗಜೇಂದ್ರಗಡದ ಸರ್ಕಾರಿ ದವಾಖಾನೆಯಲ್ಲೇ ಇದ್ದರು. ಅಲ್ಲಿನ ಹೆರಿಗೆ ಕೋಣೆಯ ನರ್ಸು ಗುಲ್ಷನ ಮಿತಭಾಷಿ, ಸ್ವಲ್ಪ ಸಿಡುಕಿನವರೆಂದೂ ಹೆಸರಾಗಿದ್ದರು. ಸರ್ಕಾರಿ ನರ್ಸಿಗೆ ಇಂಥ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುತ್ತೀ ಎಂದು ಮುತ್ತು ಮೊದಲೇ ಎಚ್ಚರಿಸಿದ್ದ. ಪ್ರಶ್ನೆ ಕೇಳಿದಾಗ ಗುಲ್ಷನ ರಕ್ತದೊತ್ತಡದ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

"ಯಾರ ಕೇಳಂತ ಹೇಳಿ ಕಳಿಸ್ಯಾರ ನಿನಗ?"

"ಯಾರೂ ಇಲ್ಲರಿ ಅಕ್ಕಾರ. ನನಗ ಬೇಕಾಗೇತಿ."

ಗುಲ್ಷನ ಕುರ್ಚಿ ಎಳೆದುಕೊಂಡು ಕೂತರು. ಕೂಸಿನ ಎದೆಬಡಿತ ಇಳಿದು ಮತ್ತೆ ಏರದಿದ್ದರೆ, ತಾಯಿಯ ರಕ್ತದೊತ್ತಡ ಏರಿದರೆ, ರಕ್ತ ಹೋಗತೊಡಗಿದರೆ, ನೋವು ಜೋರಾಗಿದ್ದೂ ತಲೆ ಕೆಳಗಿಳಿಯದಿದ್ದರೆ ತಾವು ಕಾಯುವುದಿಲ್ಲ, ಆಂಬುಲೆನ್ಸ್ ಕರೆಸಿ ಗದಗದ ದೊಡ್ಡ ದವಾಖಾನೆಗೆ ಕಳಿಸುತ್ತೇವೆ ಎಂದರು. ಇವು ಯಾವುವೂ ಇಲ್ಲದಿದ್ದರೆ ಅವಸರ ಮಾಡುವುದಿಲ್ಲ. ನಡೆದಾಡಬಹುದು, ಕೂರಬಹುದು, ನೀರು ಕುಡಿಯಬಹುದು, ಮನೆಯ ಹೆಂಗಸೊಬ್ಬರು ಪಕ್ಕದಲ್ಲಿರಬಹುದು. ನೀವು ಡ್ಯೂಟಿಯಲ್ಲಿ ಇಲ್ಲದಿದ್ದರೆ ಎಂದು ಮಧುಮತಿ ಕೇಳಿದಳು. ಉಳಿದವರು ನೋಡುವುದೂ ಇವನ್ನೇ, ನನ್ನ ಮುಖ ನೋಡಿ ಬರಬೇಡ ಎಂದರು ಗುಲ್ಷನ. ಏಳುವ ಮುನ್ನ ಒಂದು ಮಾತು ಸೇರಿಸಿದರು.

"ನಾರ್ಮಲ್ ಆಗೇ ಆಗತೈತಿ ಅಂತ ನಾ ಮಾತ ಕೊಡಾಂಗಿಲ್ಲ ನೋಡು. ಕಳಿಸೂ ಹೊತ್ತಿಗೆ ಯಾಕಂತ ಹೇಳಿ ಕಳಸ್ತೀನಿ. ಅದೊಂದ ಮಾತ ಕೊಡ್ತೀನಿ."

ದವಾಖಾನೆಯಿಂದ ಮಧುಮತಿ ಹೊರಬಂದ ರಭಸಕ್ಕೆ ಮುತ್ತು ಗಾಬರಿಯಾದ. ಬೈದರೇ ಎಂದು ಕೇಳಿದ. ಅವಳು ನಗುತ್ತಲೇ ಇದ್ದಳು. ಎಲ್ಲರೂ ಕೊಡುವ ಭರವಸೆ ಬೇಡವೆಂದು ಹೊರಟವಳಿಗೆ, ಭರವಸೆ ಕೊಡೆನೆಂದವರೇ ಸಿಕ್ಕಿದ್ದರು. ಮನೆ ತಲುಪುವವರೆಗೆ ಗುಲ್ಷನರ ಮಾತನ್ನೇ ಹಿಂದುಮುಂದು ಮಾಡಿ ಹೇಳಿದಳು.

ಇನ್ನು ಉಳಿದದ್ದು ಶಂಕ್ರವ್ವ. ಚೊಚ್ಚಲ ಬಸುರಿಗೆ ಮಾಡುವ ಕುಬಸದ ದಿನ ಅವಳು ಗಜೇಂದ್ರಗಡಕ್ಕೆ ಬಂದಿದ್ದಾಗ, ಹಸಿರು ಸೀರೆ, ಹಸಿರು ಬಳೆಗಳ ಸಡಗರದ ನಡುವೆಯೇ ಮಗಳು ವಿಷಯ ತೆಗೆದಳು. ಹೆರಿಗೆ ಗಜೇಂದ್ರಗಡದಲ್ಲಿ, ಬಾಣಂತನ ರಾಜೂರಿನಲ್ಲಿ ಎಂದಳು. ಶಂಕ್ರವ್ವ ತಿನ್ನುತ್ತಿದ್ದ ಹೋಳಿಗೆಯನ್ನು ತಟ್ಟೆಗೆ ಬಿಟ್ಟಳು.

"ನನ್ನ ಮನಿ ಬಾಗಲಾ ಮುಚ್ಚೇತೇನ? ಚೊಚ್ಚಲ ಬಸರಿ ಮಗಳನ ಬೀಗರ ಊರಾಗ ಹಡಿಯಾಕ ಬಿಟ್ಟಾಕಿ ಅಂದ್ರ ರಾಜೂರಾಗ ನಾ ಹ್ಯಾಂಗ ತಲಿ ಎತ್ಲಿ?"

"ಮನಿ ಬಾಗಲಾ ತೆಗದೈತಿ ಬೇ. ಆದ್ರ ಅಲ್ಲಿ ಕೂಸಿನ ಎದಿ ಕೇಳವರು ಯಾರದಾರ?"

ಶಂಕ್ರವ್ವ ಹೋಳಿಗೆ ಮುಗಿಸದೆಯೇ ಎದ್ದು ಊರಿಗೆ ಹೋದಳು. ಆಮೇಲೆ ಫೋನು ಬರುವುದೂ ನಿಂತಿತು. ಮಧುಮತಿ ಮಗ್ಗಕ್ಕೆ ಕೂತಾಗಲೆಲ್ಲ ಫೋನನ್ನು ಮಡಿಲ ಬಳಿ ಇಟ್ಟುಕೊಳ್ಳುತ್ತಿದ್ದಳು. ಅವಳ ತೀರ್ಮಾನ ಬದಲಾಗಲಿಲ್ಲ. ಊಟ ಮಾತ್ರ ಕಡಿಮೆಯಾಯಿತು.

ಹೆರಿಗೆಗೆ ಇನ್ನೂ ಸಮಯವಿದೆ ಎಂದುಕೊಂಡ ಒಂದು ಬೆಳಿಗ್ಗೆ ಮಗ್ಗದಲ್ಲಿ ಸೀರೆಯ ಕೊನೆಯ ಸೆರಗಷ್ಟೇ ಬಾಕಿ ಇತ್ತು. ನಡು ಹಿಡಿಯುತ್ತಿತ್ತು. ನೇಕಾರರ ಮನೆಯಲ್ಲಿ ನಡುನೋವನ್ನು ಯಾರೂ ನೋವೆಂದು ಎಣಿಸುವುದಿಲ್ಲ. ಕುಣಿಯಲ್ಲಿ ಕಾಲು ಬದಲಿಸಿದರೆ ಹೋಗುತ್ತದೆ. ಮಧುಮತಿ ಕಾಲು ಬದಲಿಸಿದಳು, ಹೋಯಿತು. ಮತ್ತೆ ಬಂತು, ಮತ್ತೆ ಬದಲಿಸಿದಳು. ಲಾಳಿ ನಿಂತು ನಿಂತು ಓಡುತ್ತಿತ್ತು. ಪಕ್ಕದ ಮಗ್ಗದಲ್ಲಿದ್ದ ಉಮಾಳ ಕಿವಿಗೆ ಮಾತ್ರ ಅದರ ಸದ್ದು ವಿಚಿತ್ರವೆನಿಸಿತು. ದಾರ ಕಡಿದರೆ ಮಗ್ಗ ನಿಲ್ಲುವುದುಂಟು, ಆದರೆ ದಾರ ಹೀಗೆ ಸರಿಯಾಗಿ ಅಷ್ಟಷ್ಟೇ ಹೊತ್ತಿಗೊಮ್ಮೆ ಕಡಿಯುವುದಿಲ್ಲ.

"ಮಧೂ, ನಿನ್ನ ಮಗ್ಗ ಯಾಕ ನಿಂತ ನಿಂತ ನಡ್ಯಾಕತ್ತೇತಿ?"

"ನಡಾ ಹಿಡಕೊಂಡೇತಿ ಅಕ್ಕಾ. ಬಿಡತೈತಿ, ಮತ್ತ ಹಿಡಿತೈತಿ."

"ಅಯ್ಯ ಹುಚ್ಚಿ, ಅದು ನಡಾ ಅಲ್ಲ. ಬ್ಯಾನಿ ಹತ್ಯಾವು. ಏಳ ಮ್ಯಾಲೆ."

ಮುಂದಿನದೆಲ್ಲ ಒಂದರ ಮೇಲೊಂದು ಬಂತು. ಕುಣಿಯಿಂದ ಅವಳನ್ನು ಎತ್ತಲು ಉಮಾ ಒಂದು ಕೈ, ಸಣ್ಣವ್ವ ಒಂದು ಕೈ ಹಿಡಿದರು. ಮೂವರಿಗೂ ನಗು ಬಂದು ಮೂವರೂ ಮತ್ತೆ ಕೂತರು. ಮುತ್ತು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಣ್ಣನದು ಹಾಕಿಕೊಂಡು ಆಟೋ ತಂದ. ನಾ ಹೇಳಿದ್ದೆ, ತುಳಿದದ್ದಕ್ಕೇ ಇಷ್ಟು ಲಗೂ ಬಂದಿದೆ ಎಂದು ಸಣ್ಣವ್ವ ದಾರಿಯುದ್ದಕ್ಕೂ ಸಾರಿದಳು. ಮುತ್ತು ರಾಜೂರಿಗೆ ಫೋನು ಮಾಡಿ ಸುದ್ದಿ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಅತ್ತ ಫೋನು ಕಟ್ಟಾಯಿತು.

ಗುಲ್ಷನ ಡ್ಯೂಟಿಯಲ್ಲಿದ್ದರು. ಪರೀಕ್ಷಿಸಿ, ದಾರಿ ಇನ್ನೂ ದೂರವಿದೆ, ಪಡಸಾಲೆಯಲ್ಲಿ ನಡೆದಾಡು ಎಂದರು. ಮಧ್ಯಾಹ್ನಕ್ಕೆ ನೋವು ಸಪ್ಪಗಾಯಿತು. ಸಣ್ಣವ್ವನ ಉತ್ಸಾಹವೂ ಇಳಿದು, ಒಂದು ಸೂಜಿ ಚುಚ್ಚಬಾರದೇ ಎಂದು ಗೊಣಗತೊಡಗಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಟಂಟಂ ಗಾಡಿ ನಿಂತು ಶಂಕ್ರವ್ವ ಇಳಿದಳು. ಮಗಳೊಡನೆ ಮಾತಾಡದೆ ನೇರ ಗುಲ್ಷನರ ಬಳಿ ಹೋಗಿ, ಇಷ್ಟು ತಡವೇಕೆ, ಖಾಸಗಿ ದವಾಖಾನೆಗೆ ಒಯ್ಯುತ್ತೇನೆ ಎಂದಳು. ಗುಲ್ಷನ ವಾದಿಸಲಿಲ್ಲ. ಮಗಳಿಗೆ ಹೇಳಿದ್ದನ್ನೇ ತಾಯಿಗೂ ಹೇಳಿದರು. ನಂತರ ಎದೆಬಡಿತ ಕೇಳಿಸುವ ಸಣ್ಣ ಯಂತ್ರವನ್ನು ಹೊಟ್ಟೆಗೆ ಹಿಡಿದರು. ಓಡುವ ಕುದುರೆಯಂತೆ ಸದ್ದು ಕೋಣೆ ತುಂಬಿತು. ಶಂಕ್ರವ್ವ ಬಾಗಿ ಕೇಳಿದಳು. ಮತ್ತೊಮ್ಮೆ ಇಡಿರಿ ಎಂದಳು. ಆಮೇಲೆ ಚೀಲವನ್ನು ಮೂಲೆಗಿಟ್ಟು, ಮಗಳ ತೋಳಿಗೆ ತೋಳು ಕೊಟ್ಟು ನಡೆಸತೊಡಗಿದಳು.

ಸಂಜೆಯ ಹೊತ್ತಿಗೆ ನೋವು ನಿಜವಾಗಿ ಬಂತು. ಒಂದು ನೋವಿನ ಬೆನ್ನಿಗೆ ಎದೆಬಡಿತ ನಿಧಾನವಾದದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಗುಲ್ಷನ ಅವಳನ್ನು ಎಡಮಗ್ಗುಲಿಗೆ ತಿರುಗಿಸಿದರು. ಹೊರಗಿದ್ದವರಿಗೆ ಆಂಬುಲೆನ್ಸಿಗೆ ಫೋನು ಮಾಡಲು ಹೇಳಿ, ಬಾಗಿ ಮಧುಮತಿಯ ಕಣ್ಣಲ್ಲಿ ಕಣ್ಣಿಟ್ಟರು.

"ಕೂಸಿನ ಎದಿ ಇಳದೈತಿ. ಮುಂದಿನ ಬ್ಯಾನಿ ಮುಗಿಯೂದ್ರಾಗ ಏರಲಿಲ್ಲಂದ್ರ ಗದಗಕ್ಕ ಹೊಂಡೂದ. ತಿಳೀತಿಲ್ಲೋ?"

"ತಿಳೀತ್ರಿ," ಎಂದಳು ಮಧುಮತಿ. ಸಹಜ ಹೆರಿಗೆಯ ಆಸೆಯನ್ನು ಅವಳು ಆ ಕ್ಷಣದಲ್ಲೇ ಕೈಬಿಟ್ಟಿದ್ದಳು. ಶಂಕ್ರವ್ವ ಎರಡೂ ಕೈಯಿಂದ ಅವಳ ಪಾದವನ್ನು ಹಿಡಿದು ನಿಂತಿದ್ದಳು. ನೋವು ಬಂತು, ತುಂಬಿತು, ಇಳಿಯಿತು. ಸದ್ದು ತಡವರಿಸಿತು, ಆಮೇಲೆ ಮೆಲ್ಲಗೆ, ಮತ್ತೆ ಜೋರಾಗಿ ಮೊದಲಿನ ಓಟಕ್ಕೆ ಮರಳಿತು. ಅದರ ಮುಂದಿನ ನೋವಿನಲ್ಲೂ ಅದು ತಗ್ಗಲಿಲ್ಲ. ತಲೆ ಇಳಿದಿತ್ತು. ಆಂಬುಲೆನ್ಸು ಅಂಗಳಕ್ಕೆ ಬಂದು ನಿಂತಾಗ ಒಳಗಿನಿಂದ ಅಳು ಕೇಳಿಸಿತು. ಹೆಣ್ಣು ಮಗು.

ಒಂದು ಹೆರಿಗೆ ಚೆನ್ನಾದ ಮಾತ್ರಕ್ಕೆ ಆಯ್ಕೆ ಸರಿಯಾಗಿತ್ತೆಂದು ಸಾಬೀತಾಗುವುದಿಲ್ಲ. ಇದನ್ನು ಮಧುಮತಿ ತನ್ನದೇ ಮಾತಿನಲ್ಲಿ ಉಮಾಳಿಗೆ ಹೇಳಿದಳು: ಗದಗಕ್ಕೆ ಹೋಗಿದ್ದರೂ ತನಗೆ ಬೇಸರವಿರುತ್ತಿರಲಿಲ್ಲ, ಏಕೆ ಹೋದೆನೆಂದು ಗೊತ್ತಿರುತ್ತಿತ್ತು. ಉಮಾ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತನ್ನನ್ನು ಕೊಯ್ದ ದವಾಖಾನೆಗೆ ಹೋಗಿ, ಅಂದು ಏನಾಗಿತ್ತೆಂದು ಈಗಲಾದರೂ ಕೇಳುತ್ತೇನೆ ಎಂದಳು.

ದವಾಖಾನೆಯಿಂದ ಬಿಟ್ಟ ದಿನ ಗಾಡಿ ನೇರ ರಾಜೂರಿಗೆ ಹೋಯಿತು. ಸುಣ್ಣ ಬಳಿದ ಕೋಣೆ ತುಂಬಿತು; ಗಾಳೆವ್ವ ಎಣ್ಣೆ ಬೆಚ್ಚಗೆ ಮಾಡಿಕೊಂಡು ಕಾಯುತ್ತಿದ್ದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಯಾರ ಕೈಯಲ್ಲಿ ಆಯಿತೆಂದು ತುಸು ಮುನಿಸಿನಿಂದಲೇ ಕೇಳಿದಳು. ಮಧುಮತಿ ಬಾಯಿ ತೆರೆಯುವಷ್ಟರಲ್ಲಿ ಶಂಕ್ರವ್ವ ಕೋಣೆಗೆಲ್ಲ ಕೇಳುವಂತೆ ಹೇಳತೊಡಗಿದಳು. ಬಡಿತ ಇಳಿದದ್ದು, ಗಾಡಿ ಕರೆಸಿದ್ದು, ಬಡಿತ ಏರಿದ್ದು ಎಲ್ಲ ಬಂತು. ನೋಡಲು ಬಂದಿದ್ದ ನೆರೆಮನೆಯ ಬಸುರಿ ಸೊಸೆ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಶಂಕ್ರವ್ವ ಅವಳ ಕಡೆ ತಿರುಗಿದಳು.

"ನೀ ಎಲ್ಲಿಗೆ ತೋರಿಸ್ತಿಯವ್ವಾ? ಎಲ್ಲಿಗರ ಹೋಗು. ಏನ ಕಂಡ್ರ ಕಾಯಾಂಗಿಲ್ಲ ಅಂತ ಅವರಿಗೆ ಮೊದ್ಲ ಕೇಳು."