ಗಂಡ ಹೊರಗೆ ನಿಲ್ಲುವ ಕೋಣೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ನೆಲಮಾಳಿಗೆಯ ಅದೇ ಕಿಟಕಿಯಿಲ್ಲದ ಕೋಣೆ, ಅದೇ ತಣ್ಣನೆಯ ಮೇಜು. ಬಾಯಿ ಮಾತ್ರ ಜೋರು. ಫಿಲಂ ಬೇಗ ಕೊಡಮ್ಮ ಎನ್ನುವ ಮೊದಲು ದೊಡ್ಡ ಸರ್ಜನ್ ಕೂಡ ಎರಡು ಸಲ ಯೋಚಿಸುತ್ತಾರೆ.

ಮೂಳೆಯ ವಿಷಯದಲ್ಲಿ ಅವಳಿಗೆ ಟೋಪಿ ಹಾಕಲು ಆಗುವುದಿಲ್ಲ. ಕಾಲು ಜಾರಿ ಬಿದ್ದವರು ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ತಲೆಗೆ ಬೀಳುವ ಏಟು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುರಿಯುವುದು ಮುಂಗೈ, ಕಿರುಬೆರಳ ಕಡೆಯ ಮೂಳೆ, ಸರಿಯಾಗಿ ನಡುವೆ. ಬಚ್ಚಲಲ್ಲಿ ಜಾರಿದೆ ಎನ್ನುತ್ತ ಅಂಥ ಕೈ ಹಿಡಿದುಕೊಂಡು ಬಂದ ಹೆಂಗಸರನ್ನು ಅವಳು ಎಷ್ಟು ನೋಡಿಲ್ಲ! ಅವರ ಬೆನ್ನಿಗೇ ಗಂಡ. ಹೆಸರು ಕೇಳಿದರೂ ಅವನೇ ಹೇಳಬೇಕು, ನೋವೆಲ್ಲಿ ಎಂದರೂ ಅವನದೇ ಉತ್ತರ. ಇಡೀ ಆಸ್ಪತ್ರೆಯಲ್ಲಿ ಅವನು ಕಾಲಿಡುವಂತಿಲ್ಲದ ಜಾಗವೆಂದರೆ ಎಕ್ಸ್‌ರೇ ಕೋಣೆ. ಮೈಮೇಲೆ ಕಿರಣ ಬೀಳುತ್ತದೆಂದು ಅವನನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ಕೆಂಪು ದೀಪ ಹಚ್ಚುತ್ತಾರೆ. ಐದು ನಿಮಿಷ ಆ ಹೆಂಗಸು ಒಬ್ಬಳೇ ಒಳಗಿರುತ್ತಾಳೆ. ಅಷ್ಟು ಹೊತ್ತಿನಲ್ಲಿ ಅಕ್ಕ ಏನು ಮಾಡುತ್ತಿದ್ದಳು? ಅಲ್ಲಾಡಬೇಡಿ ಎನ್ನುತ್ತಿದ್ದಳು. ಕಾರಣ ಎಂಬಲ್ಲಿ 'ಬಿದ್ದದ್ದು' ಎಂದು ಬರೆದು ಕಳುಹಿಸುತ್ತಿದ್ದಳು. ನಮ್ಮ ಕೆಲಸ ಫಿಲಂ ತೆಗೆಯುವುದು, ಊರವರ ಸಂಸಾರ ನೆಟ್ಟಗೆ ಮಾಡುವುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಹೀಗೆ ಹೇಳಿಕೊಂಡವಳಾದರೂ ಯಾರು? ಹನ್ನೊಂದು ವರ್ಷ ಗಂಡನ ಕೈಯಲ್ಲಿ ಪೆಟ್ಟು ತಿಂದವಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅದೇ ಮೇಜಿನ ಮೇಲೆ ಅವಳದೇ ಮುರಿದ ಕೈ ಇತ್ತು. ಫಿಲಂ ತೆಗೆದದ್ದು ಅವಳಿಗೆ ಕೆಲಸ ಕಲಿಸಿದ ಹಿರಿಯ. ಬೆಳಕಿಗೆ ಹಿಡಿದು ನೋಡಿದ, ಎಲ್ಲ ಅರ್ಥವಾಯಿತು. ಆದರೂ ಮೆಟ್ಟಿಲು ನೋಡಿಕೊಂಡು ಇಳಿಯಬೇಕಮ್ಮ ಎಂದು ಹೇಳಿ ಕೈ ತೊಳೆದುಕೊಂಡ. ತವರಿಗೆ ಹೋದರೆ ಅಮ್ಮನೂ ಅಣ್ಣನೂ, ಸ್ವಲ್ಪ ಹೊಂದಿಕೊಂಡು ಹೋಗು ಎಂದು ಎರಡು ಸಲ ವಾಪಸ್ಸು ಬಿಟ್ಟುಬಂದರು. ಮೂರನೇ ಸಲ ತವರಿನ ಕಡೆ ತಲೆ ಹಾಕದೆ ಉಟ್ಟ ಬಟ್ಟೆಯಲ್ಲೇ ಹೊರಬಿದ್ದು ಬೇರೆ ಮನೆ ಮಾಡಿದಳು.

ಈ ವರ್ಷ ಆಸ್ಪತ್ರೆಯವರು ಒಂದು ಜಾಗೃತಿ ಸಭೆ ಇಟ್ಟುಕೊಂಡರು. ಮನೆಯೊಳಗೆ ಪೆಟ್ಟು ತಿಂದವರೇ ಮಾತಾಡಬೇಕು ಎಂದು ಲೇಡಿ ಡಾಕ್ಟರ್ ದುಂಬಾಲು ಬಿದ್ದಾಗ ಅಕ್ಕ ಒಪ್ಪಿದಳು. ಅಣ್ಣ ಫೋನ್ ಮಾಡಿ ಮನೆಯ ಮಾನ ಹರಾಜು ಹಾಕಬೇಡ ಎಂದ. ನನ್ನ ಕೈ ಮುರಿದಾಗ ನಿನ್ನ ಮಾನ ಎಲ್ಲಿ ಮಲಗಿತ್ತು ಎಂದು ಕೇಳಿ ಫೋನ್ ಇಟ್ಟಳು. ಸಭೆಯಲ್ಲಿ ಎಲ್ಲ ಹೇಳಿದಳು. ಚಪ್ಪಾಳೆ ಬಿತ್ತು, ಹೂಗುಚ್ಛ ಬಂತು, ಸೂಪರಿಂಟೆಂಡೆಂಟ್ ಸಾಹೇಬರು ಧೀರ ಮಹಿಳೆ ಎಂದು ಹೊಗಳಿ ಟೀ ಕುಡಿಯಲು ಹೋದರು. ಕುರ್ಚಿಗಳು ಖಾಲಿಯಾದ ಮೇಲೆ ಕಸ ಗುಡಿಸುವ ಹೆಂಗಸು ಹತ್ತಿರ ಬಂದಳು.

"ಅಕ್ಕ, ಹೋದ ವರ್ಷ ನನ್ನ ಕೈ ಫಿಲಂ ತೆಗೆದದ್ದು ನೀವೇ. ನೀವು ಕೇಳ್ತೀರಿ ಅಂತ ಕಾದೆ."

ಅಷ್ಟೇ ಹೇಳಿ ಅವಳು ಪೊರಕೆ ಎತ್ತಿಕೊಂಡು ಹೋದಳು. ಅಕ್ಕನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಗಂಡನ ಮೇಲೆ ಸಿಟ್ಟಿತ್ತು, ಅಣ್ಣನ ಮೇಲಿತ್ತು, ಆ ಹಿರಿಯನ ಮೇಲೂ ಇತ್ತು. ಈಗ ತನ್ನ ಮೇಲೆ ಬಂದ ಸಿಟ್ಟಿನ ಮುಂದೆ ಅವೆಲ್ಲ ಏನೂ ಅಲ್ಲ. ಥೂ, ಮೈಕಿನ ಮುಂದೆ ನಿಲ್ಲಲು ಬಾಯಿ ಬಂತು, ಮುಚ್ಚಿದ ಕೋಣೆಯಲ್ಲಿ ಒಂದು ಮಾತು ಕೇಳಲು ಬಾಯಿ ಬಿದ್ದುಹೋಗಿತ್ತೇ?

ನಾಲ್ಕು ದಿನ ಕಳೆದು, ಬೆಳಗ್ಗೆ ಹತ್ತರ ಹೊತ್ತಿಗೆ ಒಬ್ಬಳು ಹುಡುಗಿ ಊದಿದ ಕೈ ಹಿಡಿದುಕೊಂಡು ಬಂದಳು, ಗಂಡನ ತೋಳಲ್ಲಿ ವರ್ಷದ ಮಗು. ಅವನದು ಬೆಣ್ಣೆಯಂಥ ಮಾತು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಜಾರಿದಳು, ಇವಳಿಗೆ ನೆಟ್ಟಗೆ ನಡೆಯಲೂ ಬರುವುದಿಲ್ಲ ಮೇಡಂ ಎಂದು ನಕ್ಕ. ಅಕ್ಕ ನಗಲಿಲ್ಲ. ಹುಡುಗಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಫಿಲಂ ತೆಗೆದಳು. ಮುಂಗೈ ಮೂಳೆ ಸರಿಯಾಗಿ ನಡುವೆ ಮುರಿದಿತ್ತು.

"ಇದು ಬಿದ್ದ ಕೈ ಅಲ್ಲಮ್ಮ," ಎಂದು ಅಕ್ಕ ತನ್ನ ತೋಳು ಚಾಚಿ ಸೊಟ್ಟಗೆ ಕೂಡಿಕೊಂಡ ಮೂಳೆಯನ್ನು ಮುಟ್ಟಿಸಿದಳು. "ನಂದೂ ಹೀಗೇ ಮುರಿದಿತ್ತು. ಹೊಡೆದದ್ದು ಅವನೇ ತಾನೇ?"

ಹುಡುಗಿ ಬಾಗಿಲನ್ನೇ ನೋಡಿದಳು.

"ಮಗು ಅವರ ಹತ್ರ ಇದೆ. ನಾನು ಬಾಯಿ ಬಿಟ್ರೆ ಮಗೂನ ಎತ್ಕೊಂಡು ಹೋಗ್ತಾರೆ, ಮತ್ತೆ ನೋಡೋಕೂ ಸಿಗಲ್ಲ ಅಂದಿದ್ದಾರೆ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹನ್ನೊಂದು ವರ್ಷ ಮೆಟ್ಟಿಲು, ಬಚ್ಚಲು ಎಂದು ಸುಳ್ಳು ಹೇಳಿ ಪಳಗಿದ ನಾಲಿಗೆ ಅವಳದು. ಬಾಗಿಲು ತೆರೆದು ಬೇಸರದ ದನಿಯಲ್ಲಿ, ಎತ್ತಿಕೊಂಡೇ ಬಿದ್ದರೆಂದು ನೀವೇ ಹೇಳಿದಿರಲ್ಲ, ಮಗುವಿನದೂ ಒಂದು ಫಿಲಂ ತೆಗೆಯಲು ಡಾಕ್ಟರ್ ಹೇಳಿದ್ದಾರೆ, ಕೊಡಿ ಎಂದಳು. ಅವನು ಅನುಮಾನಿಸಿದ. ಹಿಂದೆ ಕ್ಯೂ ಇದೆ, ಬೇಗ ಎಂದು ಗದರಿದಳು. ಅವಳು ಬಿದ್ದೇ ಇಲ್ಲ ಎನ್ನಲು ಅವನಿಗೆ ಬಾಯಿಲ್ಲವಲ್ಲ. ಮಗುವನ್ನು ಕೊಟ್ಟ.

ಅಕ್ಕ ಒಳಗಿನಿಂದ ಅಗಳಿ ಹಾಕಿದಳು. ಮಗು ತಾಯಿಯ ಮಡಿಲು ಸೇರಿತು. ಯಂತ್ರದ ತಂಟೆಗೆ ಹೋಗದೆ ಹೊರಗಿನ ಕೆಂಪು ದೀಪ ಮಾತ್ರ ಹಚ್ಚಿಟ್ಟು, ಲೇಡಿ ಡಾಕ್ಟರಿಗೂ ಆಸ್ಪತ್ರೆಯ ಪೊಲೀಸ್ ಚೌಕಿಗೂ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಾಗಿಲು ಬಡಿತ ಶುರುವಾಯಿತು. ಬೆಣ್ಣೆಯ ಬಾಯಿಂದ ಬಂದ ಬೈಗುಳವನ್ನು ಕಾರಿಡಾರಿನಲ್ಲಿದ್ದವರೆಲ್ಲ ಕೇಳಿದರು. ಕೇಳಲಿ, ಒಳ್ಳೆಯದೇ ಆಯಿತು. ಪೊಲೀಸರು ಬಂದು ಅವನನ್ನು ಚೌಕಿಗೆ ಕರೆದೊಯ್ದರು. ಹುಡುಗಿ ಮೊದಲು ಅಕ್ಕನಿಗೆ, ಆಮೇಲೆ ಡಾಕ್ಟರಿಗೆ, ಕೊನೆಗೆ ಮಹಿಳಾ ಪೊಲೀಸಿಗೆ ಎಲ್ಲ ಹೇಳಿದಳು. ಹೇಳಿದಷ್ಟೂ ದನಿ ಗಟ್ಟಿಯಾಯಿತು. ಆ ದಿನ ಅವಳು ಮಗುವಿನ ಜೊತೆ ಹೋದದ್ದು ಅಕ್ಕನ ಮನೆಗೆ.

ವಾರದೊಳಗೆ ಸೂಪರಿಂಟೆಂಡೆಂಟರ ನೋಟೀಸು ಬಂತು, ಧೀರ ಮಹಿಳೆ ಎಂದಿದ್ದ ಅದೇ ಸಾಹೇಬರದು. ಡಾಕ್ಟರ್ ಹೇಳದ ಫಿಲಂ ಹೇಳಿದ್ದಾರೆಂದು ಸುಳ್ಳು ಹೇಳಿದ್ದೇಕೆ, ಮೂರು ದಿನದಲ್ಲಿ ಕ್ಷಮಾಪಣೆ ಬರೆದುಕೊಡಿ, ಇಲ್ಲದಿದ್ದರೆ ಕ್ರಮ ಕೈಗೊಳ್ಳಲಾಗುವುದು. ಅಕ್ಕ ಮೂರು ದಿನ ಕಾಯಲಿಲ್ಲ. ನೋಟೀಸಿನ ಬೆನ್ನಿಗೇ ಬರೆದಳು:

"ಸುಳ್ಳು ಹೇಳಿದ್ದು ನಿಜ. ಅಂಥ ಕೈ ಮತ್ತೆ ಬಂದರೆ ಮತ್ತೆ ಹೇಳುತ್ತೇನೆ. ನನಗೆ ಶಿಕ್ಷೆ ಕೊಡಲೇಬೇಕೆಂದಿದ್ದರೆ, ನಾನು ಏನೂ ಕೇಳದೆ ಮನೆಗೆ ಕಳುಹಿಸಿದ ಹೆಂಗಸರಿಗಾಗಿ ಕೊಡಿ."