ಜೇಡಿ ಪದರದ ಮೇಲಿನ ಕೆಸರು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹದ್ದಕ್ಕ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದರು. ಕಪ್ಪು ತಟ್ಟೆಯಲ್ಲಿ ಒಂದೇ ಒಂದು ಚಿಪ್ಪೂ ಇರಲಿಲ್ಲ.

ಕಡಲ ತಳದಿಂದ ಕೊರೆದು ತಂದ ಕೆಸರನ್ನು ಜರಡಿಯಲ್ಲಿ ತೊಳೆದು ಒಣಗಿಸಿದರೆ, ಒಂದೇ ಜೀವಕೋಶದ ಜೀವಿಗಳ ಚಿಪ್ಪುಗಳು ಉಳಿಯುತ್ತವೆ. ಮರಳಿನ ಕಣದಷ್ಟೂ ಇಲ್ಲದ ಅವನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಜಾತಿವಾರು ಜೋಡಿಸುವುದು ಅವರ ಇಪ್ಪತ್ತಾರು ವರ್ಷಗಳ ಕೆಲಸ. ಎತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ; ಸೀನು ಬಂದರೆ ಬಾಗಿಲಾಚೆ ಓಡುತ್ತಾರೆ. ಹದ್ದಿನ ಕಣ್ಣೆಂದು ಆ ಅಡ್ಡಹೆಸರು. ಹೋದ ತಿಂಗಳು ಅದೇ ಕಣ್ಣುಗಳ ಪೊರೆ ತೆಗೆಸಿದಾಗ ನಾದಿನಿ, "ಇನ್ಮೇಲೆ ಹದ್ದಕ್ಕ ಅಲ್ಲ, ಗೂಬಕ್ಕ!" ಎಂದು ನಕ್ಕಿದ್ದಳು. ಇವರಿಗೆ ನಗು ಬರಲಿಲ್ಲ. ಕಣ್ಣು ಕೈಕೊಟ್ಟರೆ ಕುಂಚ ಕೆಳಗಿಡಲೇಬೇಕಿತ್ತು.

ತಟ್ಟೆಯಲ್ಲಿದ್ದದ್ದು ಬೆರಳಗಲದ ಜೇಡಿ ಪದರಕ್ಕೆ ತಾಗಿ ಮೇಲಿದ್ದ ಕೆಸರು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹವೊಂದು ಬಡಿದಾಗ ಕರಗಿ ಸಿಡಿದ ಬಂಡೆಯ ಹನಿಗಳು ಆ ಜೇಡಿಯಲ್ಲಿ ಹೆಪ್ಪುಗಟ್ಟಿದ್ದವು. ಜೇಡಿಯ ಕೆಳಗಿನ ಕೆಸರು ಆ ಬಡಿತಕ್ಕೂ ಮೊದಲಿನದು, ಮೇಲಿನದು ಆಮೇಲಿನದು.

"ಯಾಕಕ್ಕಾ, ಮುಖ ಸಪ್ಪಗಿದೆ?" ಪ್ರಯೋಗಾಲಯದ ಮುಖ್ಯಸ್ಥೆ ಕೇಳಿದರು.

"ಏನೂ ಕಾಣ್ತಿಲ್ಲ ಮೇಡಂ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಆಹಾ, ಅಷ್ಟು ಸುಲಭಕ್ಕೆ ಬಿಟ್ಬಿಡ್ತೀನಾ ನಿಮ್ಮನ್ನ?"

ಹದ್ದಕ್ಕ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಜೇಡಿ ಕೆಳಗಿನ ಕೆಸರು ಇನ್ನೊಂದು ಚಿಟಿಕೆ ಕೊಡಿ. ಪೊರೆ ತೆಗೆಸೋ ಮುಂಚೆ ಅದರಲ್ಲಿ ಐವತ್ತೇಳು ಜಾತಿ ಎತ್ತಿದ್ದೆ. ಈಗೆಷ್ಟು ಸಿಗತ್ತೋ ನೋಡೋಣ."

ಸಂಜೆಯ ಹೊತ್ತಿಗೆ ಐವತ್ತೇಳೂ ಸಾಲಾಗಿ ಕೂತಿದ್ದವು. ಕೆಲವು ಮೊದಲಿಗಿಂತ ಸ್ಪಷ್ಟವಾಗಿಯೇ ಕಂಡಿದ್ದವು.

"ಕಣ್ಣು ನೆಟ್ಟಗಿದೆ ಮೇಡಂ! ಖಾಲಿಯಾಗಿದ್ದು ಸಮುದ್ರ!" ಎಂದು ಚಪ್ಪಾಳೆ ತಟ್ಟಿದವರು, ತಟ್ಟಿದ ಕೈಗಳನ್ನೇ ನೋಡಿಕೊಂಡರು. "ಅಯ್ಯೋ, ಇಷ್ಟೊಂದು ಜೀವ ಹೋಗಿದ್ದಕ್ಕೆ ಖುಷಿಪಟ್ಟ ಪಾಪಿ ನಾನೊಬ್ಬಳೇ ಏನೋ!"

ಮುಖ್ಯಸ್ಥೆ ನಗುತ್ತ ದೀಪ ಆರಿಸಹೊರಟರು. ಹದ್ದಕ್ಕ ಏಳಲಿಲ್ಲ. ಎಲ್ಲವೂ ಸತ್ತಿದ್ದರೆ ಇನ್ನೂ ಮೇಲಿನ ಪದರಗಳಿಗೆ ಚಿಪ್ಪು ಎಲ್ಲಿಂದ ಬಂತು? ಬದುಕಿದವು ತೀರಾ ಪುಟ್ಟವಿರಬೇಕು. ಜರಡಿಯ ಕಣ್ಣಿನಿಂದ ಜಾರಿ ನೀರಿನೊಂದಿಗೆ ಹೋಗಿರಬೇಕು.

ಮರುದಿನ ಅದೇ ಕೆಸರಿನ ಉಳಿದ ಭಾಗವನ್ನು ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ತಾವೇ ತೊಳೆದರು. ಊಟಕ್ಕೂ ಏಳದೆ ಬಗ್ಗಿ ಕೂತರು. ಮುಖ್ಯಸ್ಥೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕಾದರು. ಕೊನೆಗೆ ತಡೆಯಲಾಗದೆ ಪಿಸುಗುಟ್ಟಿದರು: "ಎಷ್ಟು ಜಾತಿ ಉಳೀತಕ್ಕಾ?"

ಹದ್ದಕ್ಕ ಕುಂಚ ಕೆಳಗಿಟ್ಟು, ಹಿಡಿದ ಉಸಿರನ್ನು ಬಿಟ್ಟು, ಗಟ್ಟಿಯಾಗಿ ಹೇಳಿದರು:

"ಐವತ್ತೇಳರಲ್ಲಿ ಮೂರು."