ಫ್ಯಾಮಿಲಿ ರೂಮಿನ ವಿಶ್ವಕಪ್

ಠಾಣೆ ರೈಲ್ವೆ ಸ್ಟೇಷನ್ನಿನ ಪೂರ್ವದ ಮೆಟ್ಟಿಲಿಳಿದು ಕೋಪರಿ ಕಡೆ ತಿರುಗುವಲ್ಲಿ, ಫುಟ್‌ಪಾತಿನ ಮೇಲೆ ಫುಟ್‌ಬಾಲ್ ಜೆರ್ಸಿಗಳ ರಾಶಿ ಬಿದ್ದಿತ್ತು. ಹೊಸ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಒತ್ತಿದ ರಬ್ಬರಿನ ಅಂಕಿ, ಎರಡೂ ಬಿಸಿಲಿಗೆ ಕಾದು ಒಂದು ಬಗೆಯ ಘಾಟು ಹೊಡೆಯುತ್ತಿತ್ತು. ಮೇಲೆಲ್ಲ ಹಳದಿ, ನೀಲಿ ಪಟ್ಟೆಯವು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಸಿರು ತೋಳು ಕಣ್ಣಿಗೆ ಬಿತ್ತು. ಎಳೆದು ನೋಡಿದೆ, ಗೋಲ್‌ಕೀಪರನ ಅಂಗಿ.

"ವೋ ಕೋಯೀ ನಹೀ ಲೇತಾ ಮ್ಯಾಡಮ್, ಯೆಲ್ಲೋ ಲೇಲೋ" ಎಂದ ಮಾರುವವ.

ಯಾರೂ ಕೊಳ್ಳುವುದಿಲ್ಲ ಅಂದ ಮೇಲೆ ನನಗೆ ಅದೇ ಬೇಕೆನಿಸಿತು. ಕೊಂಡು ಚೀಲದೊಳಗೆ ತುರುಕಿದೆ. ಆ ಘಾಟು ಮಾತ್ರ ಖಾರಘರದ ಮನೆಯವರೆಗೂ ಜೊತೆಗೇ ಬಂತು, ಅದರ ಹಿಂದೆಯೇ ಹೋಟೆಲ್ ಕಾಕಾನ ನೆನಪೂ ಬಂತು.

ನಾನು ಜೂನಿಯರ್ ಕಾಲೇಜಿಗೆ ಹೋಗುತ್ತಿದ್ದಾಗಿನ ಮಾತು. ಆಗ ನಾವು ಕೋಪರಿಯಲ್ಲಿದ್ದೆವು. ಅಪ್ಪ ಗದಗದ ಕಡೆಯಿಂದ ಬಂದು ಇಲ್ಲಿಯ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮ ಬಿಲ್ಡಿಂಗಿನ ಕೆಳಗೇ ಉಡುಪಿಯವರ ಒಂದು ಹೋಟೆಲ್. ಅದರ ಮಾಲೀಕರನ್ನು ಊರೆಲ್ಲ ಅಣ್ಣಾ ಎನ್ನುತ್ತಿತ್ತು, ನಮ್ಮ ಮನೆಯ ರೂಢಿಯಂತೆ ನಾನು ಕಾಕಾ ಎನ್ನುತ್ತಿದ್ದೆ. ದಪ್ಪ ಮೀಸೆ, ದೊಡ್ಡ ಗಂಟಲು, ಬಾಗಿದ ಎಡಗೈ ಕಿರುಬೆರಳು. ಹರೆಯದಲ್ಲಿ ಹಗಲು ತಟ್ಟೆ ಎತ್ತಿ, ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ, ಭಾನುವಾರ ಆ ಶಾಲೆಯ ತಂಡಕ್ಕೆ ಬರಿಗಾಲಿನಲ್ಲಿ ಗೋಲು ಕಾದವರಂತೆ. ಬೆರಳು ಬಾಗಿದ್ದು ಅಲ್ಲಿಯೇ.

ನನಗೂ ಫುಟ್‌ಬಾಲಿನ ಹುಚ್ಚು. ಆದರೆ ಹುಡುಗಿಗೆ ಅದು ಯಾಕೆ ಎಂದು ಕೇಳುವವರೇ ಸುತ್ತಲೂ ಇದ್ದರು. ಕೇಳದೆ ಇದ್ದವರು ಕಾಕಾ ಒಬ್ಬರೇ. ಹಾಲು ತರಲು ಇಳಿದಾಗ "ನಿನ್ನೆಯ ಆಟ ನೋಡಿದ್ಯಾ ಮಾರಾಯ್ತಿ?" ಎಂದು ಗಲ್ಲೆಯಲ್ಲಿ ಹಣ ಎಣಿಸುತ್ತಲೇ ಕೂಗುತ್ತಿದ್ದರು. ನಾನು ಹಾಲು ಮರೆತು ಮಾತಿಗೆ ನಿಲ್ಲುತ್ತಿದ್ದೆ, ಮೇಲೆ ಅಮ್ಮ ಒಲೆ ಹೊತ್ತಿಸಿಕೊಂಡು ಕಾಯುತ್ತಿದ್ದಳು.

ಆ ವರ್ಷ ವಿಶ್ವಕಪ್ ಏಷ್ಯಾದಲ್ಲೇ, ಜಪಾನ್ ಮತ್ತು ಕೊರಿಯಾದಲ್ಲಿ ನಡೆಯುವುದಿತ್ತು. ಹಾಗಾಗಿ ಆಟಗಳು ನಮಗೆ ಹಾಡಹಗಲೇ ಬೀಳುತ್ತಿದ್ದವು, ಊಟದ ಹೊತ್ತಿಗೊಂದು, ಚಹಾದ ಹೊತ್ತಿಗೊಂದು. ತಿಂಗಳ ಮುಂಚಿನಿಂದಲೇ ಇಡೀ ಬಜಾರ್ ಬಾಯಿ ಚಪ್ಪರಿಸುತ್ತ ಕುಳಿತಿತ್ತು. ರವಿಕೆ ಹೊಲಿಯುವುದನ್ನು ಬಿಟ್ಟು ನಮ್ಮ ಟೇಲರ್ ಬ್ರೆಜಿಲಿನ ಬಾವುಟ ಹೊಲಿಯತೊಡಗಿದ. ಇಡೀ ಬೀದಿಯಲ್ಲಿ ಇದೇ ಪಾಲಿಯೆಸ್ಟರ್ ಘಾಟು. ಟೀವಿ ಅಂಗಡಿಯವ ಕಂತಿನ ಮೇಲೆ ಟೀವಿ ಕೊಡುತ್ತೇನೆಂದು ಬೋರ್ಡು ಹಾಕಿದ. ಎದುರಿನ ಬಾರಿನವ ಗೋಡೆಯಗಲದ ಪರದೆ ತರಿಸಿದ. ಚೆಂಡು ಒದೆಯುವವರು ಎಲ್ಲೋ, ಲಕ್ಷ್ಮಿ ಬಂದಿಳಿಯುವುದು ಮಾತ್ರ ಕೋಪರಿಯಲ್ಲಿ ಎಂದು ಎಲ್ಲರೂ ನಂಬಿದ್ದರು. ಪ್ರತಿ ಸಲವೂ ಹೀಗೇ ನಂಬುತ್ತಾರೆ, ಈ ಸಲವೂ ಲೋಕಲ್ ರೈಲಿನಲ್ಲಿ ಅದೇ ಮಾತು ಕೇಳಿಸುತ್ತಿದೆ.

ನನ್ನ ತೊಂದರೆ ಬೇರೆ ಇತ್ತು. ಆಟ ತೋರಿಸುವ ಚಾನೆಲನ್ನು ನಮ್ಮ ಕೇಬಲಿನವ ಹಾಕಲಿಲ್ಲ. ಕಾಕಾ ಹೋಟೆಲಿನ ಟೀವಿಗೆ ಡಿಶ್ ಕೂರಿಸಿದ್ದಾರೆಂದು ತಿಳಿದಾಗ ಜೀವ ಬಂತು. ಹೋಟೆಲಿನ ಒಳಗೆ ಪ್ಲೈವುಡ್ಡಿನ ಅಡ್ಡಗೋಡೆ, ಅದಕ್ಕೊಂದು ತೂಗುಬಾಗಿಲು, ಮೇಲೆ 'ಫ್ಯಾಮಿಲಿ ರೂಮ್' ಎಂಬ ಬೋರ್ಡು. ಉಡುಪಿ ಹೋಟೆಲಿನಲ್ಲಿ ಉಂಡವರಿಗೆಲ್ಲ ಅದು ಗೊತ್ತು. ಹೆಂಗಸರು, ಇಲ್ಲವೆ ಹೆಂಗಸರ ಜೊತೆ ಬಂದ ಗಂಡಸರು ಮಾತ್ರ ಅಲ್ಲಿ ಕೂರಬಹುದು. ಡ್ಯೂಟಿ ಮುಗಿಸಿದ ನರ್ಸುಗಳು, ಬ್ಯಾಂಕಿನ ಹೆಂಗಸರು ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಿಂದ ಉಣ್ಣುತ್ತಿದ್ದ ಜಾಗ ಸುತ್ತಮುತ್ತ ಅದೊಂದೇ. ಅಲ್ಲಿ ಕುಳಿತು, ಬಾಗಿಲ ಮೇಲಿಂದ ಇಣುಕಿ ಆಟ ನೋಡಬಹುದು ಎಂದು ನನ್ನ ಲೆಕ್ಕ.

ಹೋಟೆಲಿಗೆ ಒಬ್ಬ ಪಾಲುದಾರರಿದ್ದರು, ಕಾಕಾನ ತಂಗಿಯ ಗಂಡ. ಒಳ್ಳೆಯ ವ್ಯಾಪಾರಿ, ಅದಕ್ಕೆ ನಾನು ಇಲ್ಲವೆನ್ನುವುದಿಲ್ಲ. ಆಟ ನೋಡಲು ಗಂಡಸರು ಮುಗಿಬೀಳುತ್ತಾರೆ, ಕೂರಿಸಲು ಜಾಗ ಸಾಲದು, ಈ ಒಂದು ತಿಂಗಳು ಫ್ಯಾಮಿಲಿ ರೂಮು ಬಂದ್ ಮಾಡಿ ಅಲ್ಲೂ ಜಂಟ್ಸನ್ನೇ ತುಂಬೋಣ ಎಂದು ಅವರು ಹಟ ಹಿಡಿದರು. ಕಾಕಾ ಗೊಣಗುತ್ತಲೇ ಒಪ್ಪಿದರು. ಬೋರ್ಡು ಇಳಿಯಿತು.

ಮೊದಲ ಪಂದ್ಯದ ದಿನ ನಾನು ಹೋದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಾಲಾಗಿ ಗಂಡಸರ ಬೆನ್ನುಗಳು. "ಲೇಡೀಸ್ ಕೋ ಪಾರ್ಸೆಲ್ ಮಿಲೇಗಾ" ಎಂದರು ಆ ಪಾಲುದಾರರು. ಇಬ್ಬರು ನರ್ಸುಗಳು ಪೊಟ್ಟಣ ಹಿಡಿದು, ಎಲ್ಲಿ ನಿಂತು ತಿನ್ನುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಫುಟ್‌ಪಾತಿನಲ್ಲೇ ನಿಂತೆ. ಟೀವಿಯ ಒಂದು ಮೂಲೆ ಕಾಣುತ್ತಿತ್ತು, ಅದರಲ್ಲಿ ಚೆಂಡು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿತ್ತು. ಮಳೆ ಶುರುವಾಯಿತು, ಕೊಡೆ ಬಿಡಿಸಿದೆನೇ ಹೊರತು ಕದಲಲಿಲ್ಲ. ಗಲ್ಲೆಯಲ್ಲಿ ಕುಳಿತ ಕಾಕಾ ಆಟ ಬಿಟ್ಟು ನನ್ನನ್ನೇ ನೋಡುತ್ತಿದ್ದುದು ನೆನಪಿದೆ.

ಮರುದಿನ ಬೆಳಿಗ್ಗೆ ಕಾಕಾ ನಮ್ಮ ಮನೆಯ ಬಾಗಿಲು ಬಡಿದರು.

"ಅಕ್ಕ, ಮಧ್ಯಾಹ್ನ ಮಗಳನ್ನು ಕರ್ಕೊಂಡು ಬನ್ನಿ. ಫ್ಯಾಮಿಲಿ ರೂಮು ಓಪನ್ ಉಂಟು."

"ಅಯ್ಯ, ಇವರಿಲ್ಲದ ನಾ ಎಂದೂ ಹೋಟೆಲ್ದಾಗ ಕುಂತಿಲ್ರೀ" ಎಂದಳು ಅಮ್ಮ.

"ಇವತ್ತು ಕೂತ್ಕೊಳ್ಳಿ. ಬೋರ್ಡು ಹಾಕಿದ್ದು ನಾನು. ನಾಲ್ಕು ದಿನದ ವ್ಯಾಪಾರಕ್ಕೆ ಅದನ್ನು ಇಳಿಸಿದ್ರೆ, ನಾಳೆ ಈ ಹೆಂಗಸರೆಲ್ಲ ಎಲ್ಲಿ ಕೂತ್ಕೊಳ್ಳುದು?"

ನಾವು ಹೋದೆವು. ಬೋರ್ಡು ಮತ್ತೆ ಏರಿತ್ತು. ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಾಕಾ ಟೀವಿಯನ್ನೇ ಹೊತ್ತು ತಂದು ಫ್ಯಾಮಿಲಿ ರೂಮಿನೊಳಗೆ ಇಟ್ಟುಬಿಟ್ಟಿದ್ದರು! ಅಡ್ಡಗೋಡೆ ಸೂರಿನವರೆಗೆ ಇರಲಿಲ್ಲ, ಹಾಗಾಗಿ ಹೊರಗೆ ಕುಳಿತ ಗಂಡಸರಿಗೆ ಗದ್ದಲ ಕೇಳುತ್ತಿತ್ತು, ಆಟ ಕಾಣುತ್ತಿರಲಿಲ್ಲ.

"ಅಣ್ಣಾ, ಟೀವಿ ಕಿಧರ್?"

"ಅಂದರ್ ಹೈ. ಫ್ಯಾಮಿಲಿ ಲೇಕೆ ಆವೋ."

"ಮಜಾಕ್ ಮತ್ ಕರೋ ಅಣ್ಣಾ."

"ಬೋರ್ಡ್ ಪಢೋ."

ಕೆಲವರು ಬೈದು ಎದುರಿನ ಬಾರಿಗೆ ಹೋದರು. ಆದರೆ ಕೆಲವರು ಮನೆಯವರನ್ನು ಕರೆತರಲು ಓಡಿದರು. ಒಬ್ಬ ಹೆಂಡತಿಯನ್ನು ಕರೆತಂದ, ಒಬ್ಬ ಅತ್ತಿಗೆಯನ್ನು. ಬಾವುಟ ಹೊಲಿದ ಟೇಲರ್ ತನ್ನ ಅಜ್ಜಿಯನ್ನೇ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದ. ಆಕೆ ಎರಡು ದೋಸೆ ತಿಂದು, ದಿನಾ ಕರೆದುಕೊಂಡು ಬಾ ಎಂದು ಅವನಿಗೆ ಅಪ್ಪಣೆ ಮಾಡಿದಳು. ಮದುವೆಯಾಗಿ ವರ್ಷಗಳಾದರೂ ಗಂಡನ ಜೊತೆ ಹೋಟೆಲಿನ ಮೆಟ್ಟಿಲು ಹತ್ತದ ಹೆಂಗಸರು ಆ ತಿಂಗಳು ಹತ್ತಿದರು. ಗೋಲು ಬಿದ್ದಾಗ ಮೊದಲು ಕಿರುಚುತ್ತಿದ್ದವರೂ ಅವರೇ.

ಅಮ್ಮನಿಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ದಿನ ಕಾಕಾನನ್ನು ಕೇಳಿದಳು, "ಎಲ್ಲಾರಿಗೂ ಒಂದ ನಮೂನಿ ಅಂಗಿ ಐತಿ, ಆ ಒಬ್ಬಂವಗ ಯಾಕ್ರೀ ಬ್ಯಾರೆ?"

"ಅವ ಗಲ್ಲೆಯಲ್ಲಿ ಕೂತವ ಅಕ್ಕ. ಉಳಿದವರೆಲ್ಲ ಎಲ್ಲಿಗೆ ಬೇಕಾದ್ರೂ ಓಡ್ಲಿ, ಅವ ಜಾಗ ಬಿಡ್ಲಿಕ್ಕಿಲ್ಲ."

ಅಂದಿನಿಂದ ಅಮ್ಮನ ಬಾಯಲ್ಲಿ ಗೋಲ್‌ಕೀಪರ್ ಎಂದರೆ ಗಲ್ಲೇದಂವ.

ಬ್ರೆಜಿಲ್ ಮತ್ತು ಇಂಗ್ಲೆಂಡಿನ ಆಟ ಸರಿಯಾಗಿ ಊಟದ ಹೊತ್ತಿಗೆ ಬಿತ್ತು. ಬೀದಿಗೆ ಬೀದಿಯೇ ಕಾಯುತ್ತಿದ್ದ ದಿನ ಅದು. ಹೋಟೆಲಿನ ಮುಂದೆ ಗಂಡಸರು ಕಿಕ್ಕಿರಿದಿದ್ದರು. ಪಾಲುದಾರರು ಬಂದವರೇ, ಇವತ್ತು ಟೀವಿ ಹೊರಗೆ ಬರಲೇಬೇಕು, ಇಲ್ಲದಿದ್ದರೆ ನನ್ನ ಪಾಲು ಬೇರೆ ಮಾಡಿ ಎಂದರು. ಅದು ಬರೀ ಬಾಯಿಮಾತಲ್ಲ, ಅವರು ಹೊರಟರೆ ಹೋಟೆಲಿನ ಅರ್ಧ ಬಲವೇ ಹೊರಟಂತೆ. ನಾವೆಲ್ಲ ಒಳಗೆ ಕುಳಿತು ಕೇಳುತ್ತಿದ್ದೆವು. ನನ್ನ ಮುಂದಿನ ಮಸಾಲೆ ದೋಸೆ ತಣ್ಣಗಾಗುತ್ತಿತ್ತು.

ಕಾಕಾ ಗಲ್ಲೆಯಿಂದ ಎದ್ದು ಬಂದು ತೂಗುಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದಿದ್ದರು. ಬಾಗಿದ ಆ ಕಿರುಬೆರಳು ನಮ್ಮ ಟೇಬಲಿನಿಂದ ಕಾಣುತ್ತಿತ್ತು.

"ಟೀವಿ ಹೊರಗೆ ಬರುದಿಲ್ಲ ಭಾವ. ನೀವು ನನ್ನ ತಂಗಿಯನ್ನು ಕರ್ಕೊಂಡು ಬನ್ನಿ, ಮುಂದಿನ ಟೇಬಲೇ ಕೊಡ್ತೇನೆ. ಇಷ್ಟು ವರ್ಷದಲ್ಲಿ ಅವಳಿಗೆ ಇಲ್ಲಿ ಒಂದು ಕಾಪಿ ಕುಡಿಸಿದ್ದೀರಾ?"

ಭಾವ ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಬ್ರೆಜಿಲ್ ಗೋಲು ಹೊಡೆದಾಗ ಕಾಕಾ ತಿರುಗಿ ಕೂಡ ನೋಡಲಿಲ್ಲ, ಹಾಗೇ ನಿಂತಿದ್ದರು... ಅವರು ಅಷ್ಟು ಕಾದಿದ್ದ ಆಟ ಅದು.

ಪಾಲು ಬೇರೆಯಾಯಿತು. ಭಾವ ಡೊಂಬಿವಲಿಯಲ್ಲಿ ಹೊಸ ಹೋಟೆಲ್ ತೆರೆದರು, ಫ್ಯಾಮಿಲಿ ರೂಮ್ ಇಲ್ಲದ್ದು. ಅದು ಚೆನ್ನಾಗಿ ನಡೆಯಿತೆಂದೂ ಕೇಳಿದ್ದೇನೆ. ಕಾಕಾನ ಹೋಟೆಲ್ ಇದ್ದಷ್ಟರಲ್ಲೇ ಏಗಿತು. ವಿಶ್ವಕಪ್ಪಿನ ಲಕ್ಷ್ಮಿ ಎದುರಿನ ಬಾರಿಗೆ ಹೋದಳೆಂದು ಬೀದಿಯವರು ಬಹಳ ವರ್ಷ ಆಡಿಕೊಂಡರು. ಆಡಿಕೊಳ್ಳಲಿ. ವ್ಯಾಪಾರ ಬರುತ್ತದೆಂದು ಹೆಂಗಸರನ್ನು ಮೊದಲು ಎಬ್ಬಿಸುವ ಬುದ್ಧಿ ಜಾಣತನವಾದರೆ, ಕಾಕಾ ದಡ್ಡರೇ. ಆ ದಡ್ಡತನಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ನಾನು ಮದುವೆಯಾಗಿ ಖಾರಘರಕ್ಕೆ ಬಂದೆ. ಅಪ್ಪ ಹೋದ ಮೇಲೆ ಅಮ್ಮನೂ ಇಲ್ಲಿಗೇ ಬಂದಳು, ಕೋಪರಿಯ ದಾರಿ ತಪ್ಪಿತು. ಕಾಕಾ ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದಿತ್ತು. ಈಗ ಅಲ್ಲಿ ಬಹುಮಹಡಿಯ ಟವರ್ ಎದ್ದಿದೆ. ಜೆರ್ಸಿ ಕೊಂಡ ದಿನ ಅದರ ಮುಂದೆ ಹೋಗಿ ನಿಂತೆ. ಗಲ್ಲೆ ಇದ್ದ ಜಾಗದಲ್ಲಿ ಕಾರುಗಳು ಒಳಹೋಗುವ ಗೇಟು.

ಈ ಸಲದ ಆಟಗಳು ಅಮೆರಿಕದ ಕಡೆ. ನಮಗೆ ಅಪರಾತ್ರಿ, ಇಲ್ಲವೆ ನಸುಕು. ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯವರು ಕ್ಲಬ್‌ಹೌಸಿನಲ್ಲಿ ದೊಡ್ಡ ಪರದೆ ಹಾಕಿ, ತಿಂಡಿಯ ಸ್ಟಾಲುಗಳನ್ನು ಕರೆಸಿ ಆದಾಯ ಮಾಡುವ ಉಮೇದಿನಲ್ಲಿದ್ದಾರೆ. ವಾಟ್ಸಾಪಿನಲ್ಲಿ ಸೂಚನೆಯೂ ಬಂತು: ಹೊತ್ತು ಸರಿಯಿಲ್ಲ, ಗಲಾಟೆ ಇರುತ್ತದೆ, ಲೇಡೀಸಿಗೆ ತೊಂದರೆಯಾಗದಿರಲೆಂದು ಜಂಟ್ಸಿಗೆ ಮಾತ್ರ ಪ್ರವೇಶ. ಕೆಳಗೆ ಹೆಬ್ಬೆರಳೆತ್ತಿದ ಚಿತ್ರಗಳ ಸಾಲು. ನನ್ನ ಗಂಡನದೂ ಒಂದು ಇತ್ತು, ಅದರ ವಿಚಾರಣೆ ಮನೆಯಲ್ಲಿ ಬೇರೆಯಾಗಿ ನಡೆಯಿತು.

ಮನೆಯ ಸಮಾರಂಭಕ್ಕೆ ಯಾರು ಬೇಕಾದರೂ ಕ್ಲಬ್‌ಹೌಸ್ ಬುಕ್ ಮಾಡಬಹುದೆಂಬ ನಿಯಮ ನಮ್ಮಲ್ಲಿದೆ. ಕಮಿಟಿಯವರು ಸ್ಟಾಲುಗಳ ಚರ್ಚೆಯಲ್ಲಿ ಮುಳುಗಿದ್ದರು, ಹಾಲ್ ಬುಕ್ ಮಾಡುವುದನ್ನೇ ಮರೆತಿದ್ದರು. ನಾನು ಸೀದಾ ಆಫೀಸಿಗೆ ಹೋಗಿ ಮೊದಲ ಪಂದ್ಯಕ್ಕೂ ಫೈನಲಿಗೂ ನನ್ನ ಹೆಸರಿನಲ್ಲಿ ಬುಕ್ ಮಾಡಿದೆ. ಸೆಕ್ರೆಟರಿ ಮನೆಗೇ ಓಡಿ ಬಂದರು.

"ಕೌನ್ಸಾ ಫಂಕ್ಷನ್ ಹೈ ಮ್ಯಾಡಮ್?"

"ಫುಟ್‌ಬಾಲ್. ಸಬ್ ಆ ಸಕತೇ ಹೈ. ಫ್ಯಾಮಿಲಿ ಲೇಕೆ ಆನಾ."

ಅವರು ಹೋದ ಮೇಲೆ ಒಬ್ಬಳೇ ನಕ್ಕೆ. ಕಾಕಾನಿಗೆ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ಆ ದೊಡ್ಡ ಗಂಟಲಿನ ನಗು ಸ್ಟೇಷನ್ನಿನವರೆಗೂ ಕೇಳುತ್ತಿತ್ತು... ಹೇಳಲು ಈಗ ಅವರಿಲ್ಲ, ಆ ಬಾಗಿಲೂ ಇಲ್ಲ.

ಚೀಲದಿಂದ ಹಸಿರು ಅಂಗಿ ತೆಗೆದು ಸೀರೆಯ ಮೇಲೆಯೇ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ಮಂಚದ ಮೇಲೆ ಬತ್ತಿ ಹೊಸೆಯುತ್ತ ಕುಳಿತಿದ್ದ ಅಮ್ಮ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಈ ಸಲ ಗಲ್ಲೇದಾಗ ನೀನ ಕೂಡಾಕಿ ಏನು?" ಎಂದಳು.